ಹುಣಸೆಹುಳಿಯಲ್ಲಿ ನೆನೆದ ತೋಟಾಗಳು

ಒಮಾನಿನ ಇಬ್ರಾದಲ್ಲಿ ನಾವಿದ್ದ ಮನೆಯ ಅಡುಗೆಕೋಣೆಯ ಕಿಟಕಿಯಿಂದ ಮಾಲೀಕರ ಹೊರಕೋಣೆ ಕಾಣುತ್ತಿತ್ತು. ಎರಡೂ ಮನೆಗೆ ಒಂದೇ ಕಾಂಪೌಂಡು, ನಡುವೆ ಎರಡು ಖರ್ಜೂರದ ಮರ, ಒಂದು ನೀರಿನ ಟ್ಯಾಂಕು. ಗಂಡ ವಿದ್ಯುತ್ ಉಪಕೇಂದ್ರದ ಕೆಲಸಕ್ಕೆ ಹೊರಟ ಮೇಲೆ ನಾನು ಪಾತ್ರೆ ತೊಳೆಯುತ್ತ ನಿಂತರೆ ಆ ಕೋಣೆಯಿಂದ ಒಂದು ಸಪ್ಪಳ ಬರುತ್ತಿತ್ತು. ಕಬ್ಬಿಣದ ಸನ್ನೆಯೊಂದು ಕೆಳಗಿಳಿದು, ಒಂದು ಕ್ಷಣ ನಿಂತು, ಮೇಲೇಳುವ ಸಪ್ಪಳ. ಮೊದಲ ವಾರವೆಲ್ಲ ಅಲ್ಲಿ ಯಾರೋ ಶಾವಿಗೆ ಒತ್ತುತ್ತಿದ್ದಾರೆ ಎಂದೇ ತಿಳಿದಿದ್ದೆ. ನಮ್ಮ ಮೈಸೂರಿನ ಮನೆಯ ಶಾವಿಗೆ ಒರಳು ಹಾಗೆಯೇ ನರಳುತ್ತಿತ್ತು.

ಗಂಡನಿಗೆ ಹೇಳಿದಾಗ ಅವರು ನಕ್ಕರು. ಅವರು ಧಾರವಾಡದ ಕಡೆಯವರು. ಇಪ್ಪತ್ತು ವರ್ಷದಿಂದ ನನ್ನನ್ನು ಕಾನ್ವೆಂಟ್ ಬಾಯಾರು ಎಂದು ಕಾಡಿಸುತ್ತಲೇ ಬಂದಿದ್ದಾರೆ.

"ಶಾವಿಗಿ ಅಲ್ಲ ಕಾನ್ವೆಂಟ್ ಬಾಯಾರ, ಗುಂಡ ಅವು. ನಮ್ಮ ಮಾಲಕ ಬಂದೂಕಿನ ಗುಂಡ ಮನ್ಯಾಗ ತುಂಬತಾನ. ಲೈಸೆನ್ಸ್ ಅದ, ಹೆದರಬ್ಯಾಡ."

ಹೆದರಿಕೆ ಹೋಗಲಿಲ್ಲ. ಆದರೆ ಮಗಳು ಮಂಗಳೂರಿನ ಹಾಸ್ಟೆಲ್ಲಿಗೆ ಹೋದ ಮೇಲೆ ಮನೆ ತೀರ ಖಾಲಿಯಾಗಿತ್ತು. ಹತ್ತು ಗಂಟೆಗೆ ಮಾಲೀಕರ ಹೆಂಡತಿ ಬಾಗಿಲಲ್ಲಿ ನಿಂತು "ತಾಲಿ, ತಾಲಿ, ಕಹ್ವಾ" ಎಂದು ಕೈ ಬೀಸಿ ಕಾಫಿಗೆ ಕರೆದರೆ ಹೋಗದೆ ಇರಲಾಗುತ್ತಿರಲಿಲ್ಲ. ಬುಧವಾರದ ಹೆಂಗಸರ ಸಂತೆಗೂ ಆಕೆ ನನ್ನನ್ನು ಕರೆದೊಯ್ಯುತ್ತಿದ್ದಳು. ಅವಳಿಗೆ ಬರುವುದು ಅರಬಿ, ನನಗೆ ಬರದಿರುವುದೂ ಅದೇ. ಹೊಸತರಲ್ಲಿ ಇಬ್ಬರೂ ಬಟ್ಟೆಯ ಅಂಚು ಮುಟ್ಟಿ, ತಲೆ ಅಲ್ಲಾಡಿಸಿ, ನಕ್ಕು ಮಾತಾಡಿದೆವು. ಬರಬರುತ್ತ ನಮ್ಮಿಬ್ಬರಿಗೇ ತಿಳಿಯುವ ಒಂದು ಹರಕು ಭಾಷೆ ಹುಟ್ಟಿಕೊಂಡಿತು.

ಮಾಲೀಕರಿಗೆ ಹಿಂದಿ ಬರುತ್ತಿತ್ತು. ಸೈನ್ಯದಲ್ಲಿ ಬಲೂಚಿಗಳ ಜೊತೆ ಇದ್ದು ಕಲಿತದ್ದು, ಲಿಂಗ ವಚನ ಯಾವುದೂ ಇಲ್ಲದ ಹಿಂದಿ. ನನ್ನದೂ ಅದಕ್ಕಿಂತ ಮೇಲೇನಲ್ಲ. ಅವರ ಮಾತುಗಳನ್ನು ನಾನಿಲ್ಲಿ ಕನ್ನಡ ಮಾಡಿಕೊಂಡು ಬರೆಯುತ್ತಿದ್ದೇನೆ. ಎಪ್ಪತ್ತು ದಾಟಿದ ಉದ್ದನೆಯ ಮನುಷ್ಯ, ಬಿಳಿ ನಿಲುವಂಗಿ ದಿಶ್‌ದಾಶ, ಕೊರಳ ಬಳಿಯ ಗೊಂಡೆಗೆ ಯಾವಾಗಲೂ ಲೋಬಾನದ ವಾಸನೆ. ಸೈನ್ಯದಲ್ಲಿ ಗುರಿ ಹೊಡೆಯುವುದನ್ನು ಕಲಿಸುತ್ತಿದ್ದವರು. ನಿವೃತ್ತರಾದ ಮೇಲೆ ಪರವಾನಗಿ ಪಡೆದು ಒಂದು ಅರೆ ಸ್ವಯಂಚಾಲಿತ ರೈಫಲ್ ಇಟ್ಟುಕೊಂಡಿದ್ದರು. ತಿಂಗಳಿಗೊಂದು ಶುಕ್ರವಾರ ಬೆಳಿಗ್ಗೆ, ಅವರಂಥದೇ ನಾಲ್ಕು ಮುದುಕರ ಜೊತೆ ಊರಾಚೆಯ ಗುಡ್ಡದ ಮಗ್ಗುಲಲ್ಲಿ ಗುರಿ ಹೊಡೆಯುವುದು. ಅಷ್ಟೇ. ಅದಕ್ಕಾಗಿ ಉಳಿದ ತಿಂಗಳಿಡೀ ತಯಾರಿ.

"ಅಂಗಡಿಯ ಗುಂಡು ಅಂಗಡಿಯವನ ಕೈ. ಇದು ನನ್ನ ಕೈ," ಎನ್ನುತ್ತಿದ್ದರು.

ನನ್ನ ಗಂಡ ಆ ಶುಕ್ರವಾರಗಳಿಗೆ ಅವರ ಜೊತೆ ಹೋಗುತ್ತಿದ್ದರು. ಆ ಬಂದೂಕು ಗುಂಡು ಹಾರಿಸಿದ ಕೂಡಲೇ ಖಾಲಿ ತೋಟಾವನ್ನು ತಾನೇ ಬಲಕ್ಕೆ ಉಗುಳುತ್ತದೆ. ಮರಳಲ್ಲಿ ಬಿದ್ದರೆ ಕಳೆದುಹೋಗುತ್ತದೆಂದು ನನ್ನದೊಂದು ಹಳೆಯ ಹೂವಿನ ಬೆಡ್‌ಶೀಟನ್ನು ಹಾಸಿ ಅವನ್ನು ಆರಿಸಿ ತರುವುದು ಇವರ ಕೆಲಸ. ಹಾಗೆ ತಂದ ಹಿತ್ತಾಳೆಯ ಕೊಳವೆಗಳನ್ನೇ ಮಾಲೀಕರು ತೊಳೆದು, ಒತ್ತಿ ಅಳತೆಗೆ ತಂದು, ಮತ್ತೆ ತುಂಬುತ್ತಿದ್ದರು.

ಆ ಕೆಲಸದೊಳಕ್ಕೆ ನಾನು ಬಂದದ್ದು ಕಣ್ಣಿನಿಂದ. ಒಂದು ದಿನ ಕಾಫಿ ಕುಡಿಯುತ್ತ ಮೇಜಿನ ಮೇಲಿದ್ದ ತೋಟಾ ಒಂದನ್ನು ಎತ್ತಿ, ಇದರ ಬಾಯಿಯ ಹತ್ತಿರ ಒಂದು ಗೆರೆ ಇದೆಯಲ್ಲ ಎಂದೆ. ಅವರು ತೆಗೆದುಕೊಂಡು ನೋಡಿದರು, ಭೂತಗನ್ನಡಿ ಹಿಡಿದು ನೋಡಿದರು, ಆಮೇಲೆ ಬೆರಳ ಉಗುರಿನಿಂದ ಸವರಿ ಪಕ್ಕಕ್ಕಿಟ್ಟರು. ಕೂದಲೆಳೆಯ ಬಿರುಕು. ಅವರಿಗೆ ಅದು ಕಂಡಿರಲಿಲ್ಲ.

ನಮ್ಮ ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಪ್ರತಿಯೊಬ್ಬಳ ಬಟ್ಟೆಯನ್ನೂ ಕಿಟಕಿಯ ಬೆಳಕಿಗೆ ಹಿಡಿಸಿ, ತಪ್ಪಿದ ಹೊಲಿಗೆಯನ್ನು ಅವಳೇ ಹುಡುಕಿ ತೋರಿಸುವವರೆಗೆ ಬಿಡುತ್ತಿರಲಿಲ್ಲ. ಆ ಅಭ್ಯಾಸ ಎಲ್ಲಿ ಕೆಲಸಕ್ಕೆ ಬಂತು ನೋಡಿ! ಅಂದಿನಿಂದ ಖಾಲಿ ತೋಟಾಗಳನ್ನು ಬೆಳಕಿಗೆ ಹಿಡಿದು ಬಿರುಕು ನೋಡುವ ಕೆಲಸ ನನ್ನದಾಯಿತು.

"ಬೇಟಿಯ ಕಣ್ಣು, ನನ್ನ ಕೈ," ಎಂದರು ಮಾಲೀಕರು.

"ಶೈಬಾಗೆ ಎರಡೂ ಇಲ್ಲ," ಎಂದಳು ಹೆಂಡತಿ. ಶೈಬಾ ಎಂದರೆ ಮುದುಕ. ಬಾಯಿಗೆ ತಲೆವಸ್ತ್ರದ ಅಂಚು ಮುಚ್ಚಿಕೊಂಡು ನಕ್ಕಳು. ಆದರೆ ಆ ನಗುವಿನ ಕೆಳಗೆ ಅವಳ ಭಯವಿತ್ತು. ಅವರ ಕಣ್ಣು ಮಂಜಾಗುತ್ತಿರುವುದು ಅವಳಿಗೆ ಗೊತ್ತಿತ್ತು. ಗುಂಡು ತುಂಬುವ ಆ ಮೇಜನ್ನು ಕಿಟಕಿಯ ಬಳಿ ಎಳೆದದ್ದೇ ಆ ಕಾರಣಕ್ಕೆ.

ಮದ್ದು ತೂಗುವಾಗ ಆ ಕೋಣೆಯಲ್ಲಿ ಯಾರೂ ಮಾತಾಡುವಂತಿಲ್ಲ. ಅವರ ಫೋನು ಹೆಂಡತಿಯ ಹತ್ತಿರ. ಫ್ಯಾನು ಬಂದ್. ಬೆಂಕಿಪೆಟ್ಟಿಗೆಯಷ್ಟಿದ್ದ ತಕ್ಕಡಿಯಲ್ಲಿ ತೂಗಿ, ಮೆಲ್ಲಗೆ ಬಿಸ್ಮಿಲ್ಲಾ ಎಂದು, ಒಂದೊಂದಕ್ಕೂ ಸುರಿಯುತ್ತಿದ್ದರು. ಮರದ ಹಲಗೆಯ ತೂತುಗಳಲ್ಲಿ ತೋಟಾಗಳು ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತಿರುತ್ತಿದ್ದವು. ಕೊನೆಗೆ ನಾನು ಟಾರ್ಚ್ ಹಿಡಿದು ಪ್ರತಿಯೊಂದರ ಬಾಯೊಳಗೆ ಇಣುಕಿ, ಮದ್ದಿನ ಮಟ್ಟ ಒಂದೇ ಸಮನಿದೆಯೇ ಎಂದು ನೋಡಬೇಕು. ಒಂದರಲ್ಲಿ ಹೆಚ್ಚು ಬಿದ್ದಿದ್ದರೆ ಬಂದೂಕೇ ಸಿಡಿಯಬಹುದು ಎಂದು ಅವರು ಹೇಳಿದ್ದರು. ನಾನು ನೋಡಿದ ಒಂದೂವರೆ ವರ್ಷದಲ್ಲಿ ಒಂದೇ ಒಂದು ಸಲವೂ ಹೆಚ್ಚು ಕಡಿಮೆ ಇರಲಿಲ್ಲ. ಕಣ್ಣು ಹೋದರೂ ಆ ಕೈಗೆ ಎಲ್ಲ ಗೊತ್ತಿತ್ತು.

ಆ ವರ್ಷ ಗೌರಿ ಹಬ್ಬದ ಹಿಂದಿನ ವಾರ ಅವರ ತೋಟಾ ತೊಳೆಯುವ ಯಂತ್ರ ಕೆಟ್ಟಿತು. ಯಂತ್ರ ಎಂದರೆ ಒಣ ಹೊಟ್ಟಿನ ಜೊತೆ ಹಾಕಿ ಗಂಟೆಗಟ್ಟಲೆ ಅಲುಗಾಡಿಸುವ ಒಂದು ಡಬ್ಬಿ. ಮೋಟಾರು ಸುಟ್ಟಿತ್ತು. ಗಂಡ ಅದನ್ನು ರಿಪೇರಿಗೆ ಒಯ್ದರು. ಮಸಿ ಹಿಡಿದ ತೋಟಾಗಳ ಡಬ್ಬವನ್ನು ಮಾಲೀಕರು ನನ್ನ ಕೈಗೆ ಕೊಟ್ಟು, ಪುರಸೊತ್ತಾದಾಗ ಬಿರುಕು ಮಾತ್ರ ನೋಡಿಡು ಎಂದರು. ಬಿರುಕು ಮಾತ್ರ. ಆ ಮಾತು ನನಗೆ ಈಗಲೂ ಕೇಳಿಸುತ್ತದೆ.

ಮರುದಿನ ನಾನು ದೇವರ ಸಾಮಾನು ಬೆಳಗಲು ಕೂತಿದ್ದೆ. ದೀಪದ ಕಂಬ, ಹರಿವಾಣ, ಗಂಟೆ, ಅಮ್ಮ ಕೊಟ್ಟ ಪುಟ್ಟ ಚೊಂಬು. ಹುಣಸೆಹಣ್ಣು, ಉಪ್ಪು, ಬಿಸಿನೀರು ಬೆರೆಸಿ ಕಲಸಿಕೊಂಡಿದ್ದೆ. ಪಕ್ಕದಲ್ಲಿ ಮಸಿ ಹಿಡಿದ ಹಿತ್ತಾಳೆಯ ಡಬ್ಬ. ಹಿತ್ತಾಳೆಯೇ ತಾನೆ ಎನ್ನಿಸಿತು. ಯಂತ್ರ ಬರುವಷ್ಟರಲ್ಲಿ ಇವು ಚಿನ್ನದ ಹಾಗೆ ಹೊಳೆಯುತ್ತಿದ್ದರೆ ಆ ಮನುಷ್ಯನ ಮುಖ ಹೇಗಾದೀತು ಎಂದು ಯೋಚಿಸಿದೆ. ಬಕೆಟ್ಟಿನಲ್ಲಿ ಉಳಿದ ಹುಳಿಯ ನೀರಿಗೆ ಅವನ್ನೆಲ್ಲ ಸುರಿದೆ. ಒಳಗೂ ತಾಗಲಿ ಎಂದು ಮುಳುಗಿಸಿದೆ.

ಅಷ್ಟರಲ್ಲಿ ಗಂಡನ ಫೋನು. "ಲಗೂ ತಯಾರಾಗು. ರೂವಿಗೆ ಹೊಂಟೇವಿ. ಪಾಸ್‌ಪೋರ್ಟಿನ ಕೆಲಸ ಇವತ್ತ ಆಗಬೇಕಂತ. ನಾಳೆ ಬರೂದು."

ಬಕೆಟ್ಟನ್ನು ಸಿಂಕಿನ ಕೆಳಗೆ ತಳ್ಳಿ ಮಸ್ಕತ್ತಿನ ರೂವಿಗೆ ಹೊರಟೆ. ಪಾಸ್‌ಪೋರ್ಟಿನ ಕೆಲಸ ಮರುದಿನವೂ ಮುಗಿಯಲಿಲ್ಲ. ಹಬ್ಬಕ್ಕೆಂದು ಮತ್ರಾದ ಪೇಟೆಯಲ್ಲಿ ಬಳೆ, ರವಿಕೆ ಕಣ ಕೊಂಡೆ, ಗಂಡನ ಗೆಳೆಯರ ಮನೆಯಲ್ಲಿ ಉಂಡೆವು. ಮೂರನೆಯ ದಿನ ಮಧ್ಯಾಹ್ನ ಮನೆಯ ಬಾಗಿಲು ತೆರೆದಾಗ ಹುಳಿ ವಾಸನೆ ಮೂಗಿಗೆ ಬಡಿದ ಮೇಲೆಯೇ ನೆನಪಾದದ್ದು.

ತೋಟಾಗಳು ಹಳದಿಯಾಗಿರಲಿಲ್ಲ. ಕೆಂಪಾಗಿದ್ದವು. ತಾಮ್ರದ ಹಾಗೆ, ಅಲ್ಲಲ್ಲಿ ಎಳೆಯ ಮಗುವಿನ ಉಗುರಿನ ಹಾಗೆ ಗುಲಾಬಿ.

ನನಗೆ ಗೊತ್ತಿಲ್ಲದೆ ಇರಲಿಲ್ಲ. ಚಿಕ್ಕಂದಿನಲ್ಲಿ ಒಮ್ಮೆ ಬೇರೊಂದು ಚೊಂಬನ್ನು ಹುಳಿಯಲ್ಲಿ ಮರೆತಾಗ ಅಮ್ಮ ತಲೆಗೆ ಮೊಟಕಿದ್ದಳು. "ಹಿತ್ತಾಳೇನ ಹುಳೀಲಿ ನೆನೆಹಾಕ್ತಾರೇನೇ? ಅದರ ಸತ್ವ ಎಲ್ಲ ಹೀರಿಬಿಡತ್ತೆ. ಕೆಂಪಗಾಯ್ತು ಅಂದ್ರೆ ಹೋಯ್ತು ಅಂತ." ಆ ಚೊಂಬು ಎರಡು ವರ್ಷದಲ್ಲಿ ತಳ ಸೀಳಿ ಗುಜರಿಗೆ ಹೋಯಿತು. ಅದೆಲ್ಲ ನೆನಪಿತ್ತು. ಆದರೂ ನಾನು ಮಾಡಿದ್ದೇನು? ಪಾತ್ರೆ ಪುಡಿ, ತೆಂಗಿನ ನಾರು ಹಿಡಿದು ಕೂತು, ಒಂದೊಂದನ್ನೂ ತಿಕ್ಕಿ ತಿಕ್ಕಿ ಆ ಕೆಂಪನ್ನು ತೆಗೆದೆ. ಸಂಜೆಯ ಹೊತ್ತಿಗೆ ಎಲ್ಲವೂ ಹಳದಿ, ಎಲ್ಲವೂ ಹೊಳಪು. ಬಿರುಕು ನೋಡಿದೆ. ಬಿರುಕಿರಲಿಲ್ಲ. ಆದ್ದರಿಂದ ಹೇಳುವುದೇನೂ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಡಬ್ಬವನ್ನು ಕೊಟ್ಟಾಗ ಮಾಲೀಕರು ಒಂದನ್ನು ಎತ್ತಿ ಕಿಟಕಿಗೆ ಹಿಡಿದರು. "ಮಾಶಾಲ್ಲಾ. ಯಂತ್ರ ಇನ್ನೂ ಬಂದಿಲ್ಲವಲ್ಲ, ಯಾವುದರಿಂದ ತೊಳೆದೆ?"

"ಸಾಬೂನಿನಿಂದ," ಎಂದೆ.

ಹೇಳಿದ್ದು ಅದೊಂದೇ ಸುಳ್ಳು.

ಆ ವಾರ ಎಂದಿನ ಹಾಗೆಯೇ ತುಂಬುವ ಕೆಲಸ ನಡೆಯಿತು. ಫ್ಯಾನು ಬಂದ್, ಮಾತು ಬಂದ್. ಸನ್ನೆ ಇಳಿಯಿತು, ನಿಂತಿತು, ಏರಿತು. ನಾನು ಟಾರ್ಚ್ ಹಿಡಿದು ಎಲ್ಲದರೊಳಗೂ ಇಣುಕಿದೆ. ಮದ್ದು ಎಲ್ಲದರಲ್ಲೂ ಒಂದೇ ಸಮ.

ಶುಕ್ರವಾರ ಒಂಬತ್ತು ಗಂಟೆಗೆ ಗಂಡ ಒಬ್ಬರೇ ವಾಪಸು ಬಂದರು. ಅಂಗಿಯ ಮೇಲೆ ರಕ್ತವಿತ್ತು. ಅವರದಲ್ಲ. ಹೂವಿನ ಬೆಡ್‌ಶೀಟು ಕೈಯಲ್ಲಿ ಮುದ್ದೆಯಾಗಿತ್ತು.

"ನಾಲ್ಕನೇದ್ದೋ ಐದನೇದ್ದೋ," ಎಂದರು, ನಿಂತೇ ನೀರು ಕುಡಿಯುತ್ತ. "ಸಪ್ಪಳನ ಬ್ಯಾರೆ ಇತ್ತು. ಒಡದ ಸಪ್ಪಳ. ಹೊಗಿ ಹಿಂದಕ್ಕ ಬಂತು, ಮಾರೀಗೆ. ಕನ್ನಡಕ ಮಂಜ ಆಗ್ತದ ಅಂತ ತಗದಿಟ್ಟಿದ್ದ ಮುದುಕ. ಬಲಗಣ್ಣು... ದವಾಖಾನಿಗೆ ಒಯ್ದಾರ."

"ತೋಟಾ ಏನಾಯ್ತು?"

"ಬುಡದ ಹಂತ್ಯಾಕ ಸೀಳಿಬಿಟ್ಟಿತ್ತು. ಯಾಕ?"

ನಾನು ಸಿಂಕಿನ ಕಡೆ ನೋಡಿದೆ. ಎಲ್ಲ ಹೇಳಿದೆ. ಅವರು ಲೋಟ ಕೆಳಗಿಟ್ಟರು. ಆಮೇಲೆ ಹೋಗಿ ಬಾಗಿಲು ಹಾಕಿ ಬಂದರು, ಯಾರೂ ಇಲ್ಲದ ಅಂಗಳಕ್ಕೂ ಕೇಳಿಸಬಾರದೆಂಬಂತೆ.

"ಯಾರ ಮುಂದನೂ ಬಾಯಿ ಬಿಡಬ್ಯಾಡ. ನಾವು ಪರದೇಶದಾಗ ಅದೀವಿ. ನಾಳೆ ಪೊಲೀಸ್ರು ಬಂದ್ರ, ನಮ್ಮನ್ನ ಇಲ್ಲಿಗೆ ಕರಿಸಿದ ಕಫೀಲನ ತನಕ ಹೋದ್ರ, ನನ್ನ ನೌಕರಿ, ವೀಸಾ... ತಿಳೀತಿಲ್ಲೋ?"

ತಿಳಿಯಿತು. ಆ ಕಣ್ಣು ಮತ್ತೆ ಬರಲಿಲ್ಲ. ಪೊಲೀಸರು ಬಂದು ನೋಡಿದರು, ಆಕಸ್ಮಿಕ ಎಂದು ಬರೆದುಕೊಂಡು ಹೋದರು. ನಮ್ಮ ಬಾಗಿಲನ್ನು ಯಾರೂ ತಟ್ಟಲಿಲ್ಲ.

ಆದರೆ ಮಾಲೀಕರು ಮನೆಗೆ ಬಂದ ಮೇಲೆ ನಡೆದದ್ದಕ್ಕೆ ನಾನು ತಯಾರಿರಲಿಲ್ಲ. ಕಣ್ಣಿಗಾಗಿ ಅವರು ಅಳಲಿಲ್ಲ. "ನನ್ನ ಕೈ ತಪ್ಪಿತು," ಎಂದರು. "ಒಂದರಲ್ಲಿ ಎರಡು ಸಲ ಸುರಿದಿದ್ದೇನೆ. ನೆನಪಿಲ್ಲ, ಆದರೆ ಸುರಿದಿದ್ದೇನೆ."

"ಇಲ್ಲ," ಎಂದೆ. "ನಾನು ಟಾರ್ಚ್ ಹಾಕಿ ನೋಡಿದ್ದೆ."

"ನೀನು ಒಳ್ಳೆಯ ಹುಡುಗಿ. ಮುದುಕನಿಗೆ ಬೇಜಾರಾಗಬಾರದು ಅಂತ ಹೇಳುತ್ತೀ."

ರೈಫಲ್ಲನ್ನೂ ಪರವಾನಗಿಯನ್ನೂ ಅವರೇ ಹೋಗಿ ಠಾಣೆಗೆ ಒಪ್ಪಿಸಿದರು. ಗುಂಡು ಒತ್ತುವ ಯಂತ್ರಕ್ಕೆ ಹಳೆ ಬಟ್ಟೆ ಸುತ್ತಿ, ಮೇಜನ್ನು ಗೋಡೆಗೆ ತಳ್ಳಿದರು. ಆಮೇಲೆ ಒಂದೊಂದೇ ಬಿಟ್ಟರು. ಗಾಡಿ ಓಡಿಸುವುದನ್ನು ಬಿಟ್ಟರು, ಇನ್ನೊಂದು ಕಣ್ಣಿಗೆ ಓಡಿಸುವಷ್ಟು ಬೆಳಕಿದ್ದರೂ. ಗೇಟಿಗೆ ಚಿಲಕ ಹಾಕಿದೆನೇ ಎಂದು ಮೂರು ಸಲ ತಿರುಗಿ ಬಂದು ನೋಡುತ್ತಿದ್ದರು. ನಮಾಜು ಮುಗಿಸಿ ಹೆಂಡತಿಯನ್ನು ಕರೆದು, ರಕಾತ್ ಎಷ್ಟಾಯಿತು, ಎಷ್ಟು ಸಲ ಬಗ್ಗಿ ಎದ್ದೆ, ನೀನು ನೋಡಿದೆಯಾ ಎಂದು ಕೇಳುತ್ತಿದ್ದರು. ಐವತ್ತು ವರ್ಷ ಮಾಡಿದ ನಮಾಜು. ಅಡುಗೆಕೋಣೆಯ ಕಿಟಕಿಯಲ್ಲಿ ನಿಂತ ನನಗೆ ಅದು ಕೇಳುತ್ತಿತ್ತು.

ತಡೆಯಲಾರದೆ ಒಂದು ದಿನ ಅವರ ಹೆಂಡತಿಗೆ ಹೇಳಿದೆ. ಅವಳು ಮೀನು ಶುಚಿ ಮಾಡುತ್ತಿದ್ದಳು. ನನ್ನ ಹರಕು ಅರಬಿ, ಕೈಸನ್ನೆ, ಅವಳದೇ ಕಪಾಟಿನ ಹುಣಸೆಹಣ್ಣಿನ ಉಂಡೆಯನ್ನು ತೆಗೆದು ತೋರಿಸಿದೆ.

"ತಮರ್ ಹಿಂದಿ?" ಎಂದಳು. ಚಾಕು ನಿಂತಿತು. ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಬೈಯುತ್ತಾಳೆ ಎಂದುಕೊಂಡೆ. ಅವಳು ಬಾಗಿಲ ಕಡೆ ನೋಡಿ ದನಿ ಇಳಿಸಿದಳು.

"ಅವರಿಗೆ ಹೇಳಿದೆಯಾ?"

"ಇಲ್ಲ."

"ಹೇಳಬೇಡ. ಖಲಾಸ್." ತನ್ನ ಎಡಗಣ್ಣನ್ನು ಬೆರಳಿನಿಂದ ಮುಟ್ಟಿದಳು. ಬೆರಳಲ್ಲಿ ಮೀನಿನ ಹುರುಪೆ ಅಂಟಿತ್ತು. "ಇದು ಉಳಿದಿದೆ. ಕೈ ಸರಿಯಿತ್ತು ಅಂತ ಗೊತ್ತಾದರೆ ನಾಳೆಯೇ ಮತ್ತೆ ಕೂರುತ್ತಾರೆ. ಆಗ ಇದನ್ನು ಯಾರು ಕೊಡುತ್ತಾರೆ? ನೀನು ಕೊಡುತ್ತೀಯಾ?"

ಅವಳ ಕೈ ಮುಟ್ಟಿ, ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಕೊಡುವಾಗ ಒಂದಿಷ್ಟು ಹಗುರವೂ ಆಯಿತು. ನನ್ನ ಅಂಜಿಕೆಗೆ ಒಂದು ಒಳ್ಳೆಯ ಹೆಸರು ಸಿಕ್ಕಿತ್ತು.

ಹೀಗೆ ಒಂದು ವರ್ಷ ಕಳೆಯಿತು. ಆಮೇಲೆ ಗಂಡನಿಗೆ ಮಸ್ಕತ್ತಿಗೆ ವರ್ಗವಾಯಿತು. ಮನೆ ಖಾಲಿ ಮಾಡುವಾಗ ಸಿಂಕಿನ ಕೆಳಗಿನ ಹಲಗೆ ಸರಿಸಿದರೆ, ಒಣಗಿದ ಹುಣಸೆ ಸಿಪ್ಪೆಯೊಳಗೆ ಹುದುಗಿ ಒಂದು ತೋಟಾ ಸಿಕ್ಕಿತು. ಅಂದು ಬಕೆಟ್ಟು ಬಗ್ಗಿಸುವಾಗ ಉರುಳಿದ್ದಿರಬೇಕು. ಅದಕ್ಕೆ ಪಾತ್ರೆ ಪುಡಿ ತಾಗಿರಲಿಲ್ಲ. ಕೆಂಪಗೆ ಹಾಗೆಯೇ ಇತ್ತು. ಎಸೆಯಬೇಕೆಂದು ಕಸದ ಡಬ್ಬಿಯವರೆಗೆ ಹೋಗಿ, ಎಸೆಯದೆ ಸೆರಗಿಗೆ ಕಟ್ಟಿಕೊಂಡೆ.

ಹೊರಡುವ ದಿನ ಬೆಳಿಗ್ಗೆ ಹೇಳಿ ಬರಲು ಹೋದೆ. ಮಾಲೀಕರು ಹೊರಕೋಣೆಯಲ್ಲಿ ಒಬ್ಬರೇ ಇದ್ದರು. ಖರ್ಜೂರ, ಹಲ್ವ, ದಲ್ಲ ಎನ್ನುವ ಕಾಫಿಯ ಹೂಜಿ ಮುಂದೆ. ಅವರ ಮನೆಯಲ್ಲಿ ಕಾಫಿ ಸುರಿಯುವುದು ಅವರದೇ ಹಕ್ಕು. ಮೊದಲು ಅತಿಥಿಗೆ, ಹಿಡಿ ಇಲ್ಲದ ಪುಟ್ಟ ಬಟ್ಟಲಿಗೆ ಅರ್ಧಕ್ಕಿಂತ ಕಡಿಮೆ, ಒಂದು ಹನಿ ಆಚೆ ಬೀಳಬಾರದು. ಅಂದು ದಲ್ಲ ಎತ್ತಿದವರು ಮತ್ತೆ ಕೆಳಗಿಟ್ಟರು.

"ಬೇಟಿ, ನೀನೇ ಸುರಿದುಕೋ. ನನಗೆ ಎಷ್ಟು ಬಿತ್ತು ಅಂತ ತಿಳಿಯುವುದಿಲ್ಲ."

ತಿಳಿಯುವುದಿಲ್ಲ ಎಂಬುದು ಸುಳ್ಳು. ಎಡಗಣ್ಣಿಗೆ ಬಟ್ಟಲು ಚೆನ್ನಾಗಿಯೇ ಕಾಣುತ್ತಿತ್ತು. ನಾನು ಸೆರಗಿನ ಗಂಟು ಬಿಚ್ಚಿ ತೋಟಾವನ್ನು ಅವರ ಅಂಗೈಯಲ್ಲಿಟ್ಟೆ. ಹುಣಸೆ, ಉಪ್ಪು, ರೂವಿ, ಮೂರು ದಿನ. ಹೇಳಿದೆ. ಸಾಬೂನು ಎಂದದ್ದನ್ನೂ ಹೇಳಿದೆ.

ಅವರು ಅದನ್ನು ಎಡಗಣ್ಣಿನ ಹತ್ತಿರ ತಂದು ತಿರುಗಿಸಿದರು. ಎದ್ದು ಹೋಗಿ ಮೇಜಿನ ಸೆಳೆಖಾನೆಯಿಂದ ಇಕ್ಕಳ ತಂದು ತೋಟಾದ ಬಾಯನ್ನು ಅದುಮಿದರು. ಒಳ್ಳೆಯ ಹಿತ್ತಾಳೆ ಮಡಚಿಕೊಳ್ಳಬೇಕು. ಇದು ಹಪ್ಪಳದ ಹಾಗೆ ಚಟ್ಟೆಂದು ಮುರಿಯಿತು.

"ಹಾಗಾದರೆ ತೂಕ ಸರಿಯಿತ್ತು," ಎಂದರು.

"ಸರಿಯಿತ್ತು."

"ಎಲ್ಲದರಲ್ಲೂ?"

"ಎಲ್ಲದರಲ್ಲೂ. ನಾನು ನೋಡಿದ್ದೆ."

"ತೂಕ ಸರಿಯಿತ್ತು," ಎಂದು ಇನ್ನೊಮ್ಮೆ, ಈಗ ಅರಬಿಯಲ್ಲಿ, ಯಾರಿಗೋ ಎಂಬಂತೆ ಹೇಳಿಕೊಂಡರು. ಬೆನ್ನು ನೆಟ್ಟಗಾಯಿತು. ಒಂದು ವರ್ಷದಿಂದ ಕಾಣದ ಉದ್ದ ಅವರಿಗೆ ವಾಪಸು ಬಂತು. ಆಮೇಲೆ ನನ್ನ ಕಡೆ ತಿರುಗಿದರು.

"ಇದು ನಿನಗೆ ಅವತ್ತೇ ಗೊತ್ತಿತ್ತೇ?"

"ಗೊತ್ತಿತ್ತು."

ಅವರು ಎಡಗೈಯಲ್ಲಿ ದಲ್ಲ ಎತ್ತಿ, ಬಲಗೈಯಲ್ಲಿ ಬಟ್ಟಲು ಹಿಡಿದು, ಎತ್ತರದಿಂದ ದಾರದಂತೆ ಕಾಫಿ ಸುರಿದರು. ಒಂದು ಹನಿಯೂ ಆಚೆ ಬೀಳಲಿಲ್ಲ. ಆ ಬಟ್ಟಲನ್ನು ತಾವೇ ಕುಡಿದರು. ದಲ್ಲವನ್ನು ಕೆಳಗಿಟ್ಟರು. ನನ್ನ ಬಟ್ಟಲು ಬೋರಲಾಗಿಯೇ ಇತ್ತು. ನಾನು ಎದ್ದೆ. ಬಾಗಿಲಲ್ಲಿ ಅವರ ಹೆಂಡತಿ ನಿಂತಿದ್ದಳು. ಮುರಿದ ತೋಟಾವನ್ನು ನೋಡಿದಳು, ಗಂಡನ ನೆಟ್ಟಗಿನ ಬೆನ್ನನ್ನು ನೋಡಿದಳು. ನಾನು ಹಾದುಹೋಗಲು ದಾರಿ ಬಿಟ್ಟಳು, ಕೈ ಚಾಚಲಿಲ್ಲ.

ಈಗ ನಾವು ರೂವಿಯಲ್ಲಿ ನಾಲ್ಕನೆಯ ಮಹಡಿಯಲ್ಲಿದ್ದೇವೆ. ಕಿಟಕಿಗೆ ಎದುರು ಮನೆಯ ಏಸಿ ಡಬ್ಬಗಳು ಕಾಣುತ್ತವೆ. ಇಬ್ರಾಕ್ಕೆ ಎರಡು ಸಲ ಫೋನು ಮಾಡಿದೆ. ಅವಳು ಎತ್ತಲಿಲ್ಲ. ದೇವರ ಸಾಮಾನನ್ನು ಈಗ ಬರೀ ಸಾಬೂನಿನಲ್ಲಿ ತೊಳೆಯುತ್ತೇನೆ. ಅವು ಮಂಕಾಗಿಯೇ ಇವೆ, ಇರಲಿ.

ಕಳೆದ ತಿಂಗಳು ಗಂಡ ಕೆಲಸದ ಮೇಲೆ ಇಬ್ರಾಕ್ಕೆ ಹೋಗಿ ಸಂಜೆ ಬಂದರು. ಊಟಕ್ಕೆ ಕೂತಾಗ ತಾವಾಗಿ ಹೇಳಿದರು.

"ಮುದುಕ ಗಾಡಿ ಓಡಸಾಕತ್ತಾನ. ನನ್ನ ನೋಡಿದ, ಕೈ ಮಾಡಲಿಲ್ಲ."

"ಚೆನ್ನಾಗಿದಾರಾ?"

"ಚಲೋ ಅದಾನ." ರೊಟ್ಟಿ ಮುರಿದರು. ತಿನ್ನಲಿಲ್ಲ. "ಕಾಂಪೌಂಡ್ ಮುಂದಿಂದ ಹಾದು ಬಂದೆ. ಆ ಮೇಜು ಮತ್ತ ಕಿಟಕಿ ಹಂತ್ಯಾಕ ಬಂದದ."

ಒತ್ತುವ ಯಂತ್ರಕ್ಕೆ ಸುತ್ತಿದ್ದ ಬಟ್ಟೆ ತೆಗೆದಿತ್ತೇ ಎಂದು ಕೇಳಬೇಕೆನಿಸಿತು. ಕೇಳದೆ ಎದ್ದು ಅವರಿಗೆ ಪಲ್ಯ ಬಡಿಸಿದೆ.